ಬಾಬೂನಾ: ಹೆಸರು ಒಂದೇ, ಹೂಗಳು ಹಲವು

ಕೊಲ್ಲಿ ರಾಷ್ಟ್ರಗಳಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿ ಖರ್ಜೂರ, ಬಾದಾಮಿ, ಅತ್ತರುಗಳ ಜೊತೆ ಕೆಲವೊಮ್ಮೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಡಬ್ಬಿಯ ಮೇಲೆ ಬಿಳಿ ಎಸಳಿನ, ನಡುವೆ ಹಳದಿ ಗುಂಡಿಯಂತಿರುವ ಹೂವಿನ ಚಿತ್ರ. ಅರಬಿಯಲ್ಲಿ ‘ಬಾಬೂನಜ್’ ಎಂದು ಬರೆದಿರುತ್ತದೆ. ಬಿಸಿನೀರಿನಲ್ಲಿ ಅದ್ದಿ ಕುಡಿಯುವ ಚಹಾ ಅದು. ‘ನಿದ್ದೆ ಬರುತ್ತದೆ, ಹೊಟ್ಟೆನೋವಿಗೆ ಒಳ್ಳೆಯದು, ಮಗುವಿಗೂ ಒಂದು ಚಮಚ ಕೊಡಬಹುದು’ ಎಂಬ ಮಾತೂ ಡಬ್ಬಿಯ ಜೊತೆಗೇ ಬರುತ್ತದೆ. ಅದೇ ಹೂವನ್ನು ನಮ್ಮ ಯೂನಾನಿ ಹಕೀಮರು ‘ಗುಲೆ ಬಾಬೂನಾ’ ಎನ್ನುತ್ತಾರೆ. ಇಂಗ್ಲಿಷಿನವರಿಗೆ ಅದು ಕ್ಯಾಮೊಮೈಲ್.

ಆದರೆ ಬಾಬೂನಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಹೂವೆಲ್ಲ ಒಂದೇ ಗಿಡದ್ದಲ್ಲ. ನೋಡಲು ಅವಳಿ ಜವಳಿಯಂತಿರುವ ಹಲವು ಗಿಡಗಳು ಈ ಹೆಸರಿನ ನೆರಳಿನಲ್ಲಿವೆ. ಒಂದು ಹಿತವಾದ ಚಹಾ ಕೊಟ್ಟರೆ ಇನ್ನೊಂದು ಕೈಗೆ ಬೊಕ್ಕೆ ಎಬ್ಬಿಸುತ್ತದೆ. ಮತ್ತೊಂದರಲ್ಲಿ ಪರಿಮಳವೂ ಇಲ್ಲ, ಗುಣವೂ ಇಲ್ಲ. ಮನೆಯಲ್ಲಿ ಕುದಿಸಿ ಕುಡಿಯುವ ವಸ್ತುವಿನ ಬಗ್ಗೆ ಇಷ್ಟಾದರೂ ತಿಳಿದಿರಬೇಡವೇ? ಈ ಸಲದ ಸಸ್ಯ ಪರಿಚಯದಲ್ಲಿ ಈ ಬಳಗದ ದೊಡ್ಡ ಕುಲವಾದ ಆಂಥೆಮಿಸ್ ಮತ್ತು ಅದರ ನೆಂಟರನ್ನು ನೋಡೋಣ.

ಹೂವಲ್ಲ, ಹೂಗಳ ಬುಟ್ಟಿ

ಮೊದಲು ಒಂದು ಸೂರ್ಯಕಾಂತಿಯನ್ನು ನೆನಪಿಗೆ ತಂದುಕೊಳ್ಳಿ. ನಾವು ಒಂದು ಹೂವು ಎಂದು ಕರೆಯುವ ಅದರಲ್ಲಿ ನೂರಾರು ಬೀಜಗಳು ಸಿಗುತ್ತವೆ. ಯಾಕೆಂದರೆ ಅದು ಒಂದು ಹೂವಲ್ಲ, ನೂರಾರು ಪುಟಾಣಿ ಹೂಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟ ತಟ್ಟೆ. ಒಂದೊಂದು ಪುಟಾಣಿ ಹೂವೂ ಒಂದೊಂದು ಬೀಜವಾಗುತ್ತದೆ. ಸೇವಂತಿಗೆ, ಚೆಂಡು ಹೂ, ಜರ್ಬೆರಾ ಎಲ್ಲವೂ ಈ ಕುಟುಂಬದವು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಆಸ್ಟರೇಸಿ ಎಂದು ಹೆಸರು. ಹೂ ಬಿಡುವ ಸಸ್ಯಗಳಲ್ಲಿ ಅತಿ ದೊಡ್ಡ ಕುಟುಂಬಗಳಲ್ಲಿ ಇದೂ ಒಂದು.

ಬಾಬೂನಾ ಬಳಗ ಈ ಕುಟುಂಬದ ಒಂದು ಶಾಖೆ. ಅದೇ ಶಾಖೆಯಲ್ಲಿ ನಮಗೆ ಬಹಳ ಹತ್ತಿರದ ಗಿಡಗಳಿವೆ. ಮುಡಿಗೇರುವ ಸೇವಂತಿಗೆ ಇದೆ. ಮಾಲೆಯಲ್ಲಿ ಘಮಘಮಿಸುವ ದವನವಿದೆ. ಹಲ್ಲುನೋವಿಗೆ ಕಚ್ಚಿಕೊಳ್ಳುವ ಅಕ್ಕಲಕರೆಯೂ ಇದೆ. ದವನದ ಎಲೆಯನ್ನು ಒಮ್ಮೆ ಕೈಯಲ್ಲಿ ತಿಕ್ಕಿ ನೋಡಿದವರಿಗೆ ಈ ಬಳಗದ ಸ್ವಭಾವ ಹೇಳಿಕೊಡಬೇಕಾಗಿಲ್ಲ: ನುಣ್ಣಗೆ ಸೀಳಿದಂತಹ ಎಲೆ, ಮುಟ್ಟಿದರೆ ಕಟುವಾದ ವಾಸನೆ.

ಆಂಥೆಮಿಸ್ ಕುಲದ ಗಿಡವೊಂದನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಮೊಣಕಾಲೆತ್ತರಕ್ಕಿಂತ ಹೆಚ್ಚು ಬೆಳೆಯದ ಮೂಲಿಕೆ. ಕೆಲವು ಒಂದೇ ಋತುವಿನಲ್ಲಿ ಹುಟ್ಟಿ ಹೂಬಿಟ್ಟು ಸಾಯುವಂಥವು, ಕೆಲವು ಹಲವು ವರ್ಷ ಬಾಳುವಂಥವು. ಎಲೆಗಳು ಕಾಂಡದ ಮೇಲೆ ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಬರುತ್ತವೆ. ಪ್ರತಿ ಎಲೆಯೂ ಎರಡು ಮೂರು ಸಲ ಸೀಳಿ, ಕೊನೆಗೆ ಕೊತ್ತಂಬರಿಯ ಮೇಲೆಲೆಗಿಂತಲೂ ನವಿರಾಗಿ ಕಾಣುತ್ತದೆ. ಹಲವು ಪ್ರಭೇದಗಳಲ್ಲಿ ಎಲೆ ಕಾಂಡಗಳ ಮೇಲೆ ರೇಷ್ಮೆಯಂತಹ ರೋಮಗಳಿರುತ್ತವೆ. ಒಣನೆಲದಲ್ಲಿ ನೀರು ಆರದಂತೆ ಕಾಪಾಡುವುದು ಈ ರೋಮಗಳೇ. ಕಾಂಡದ ತುದಿಯಲ್ಲಿ ಒಂಟಿಯಾಗಿ ಹೂತಲೆ ನಿಲ್ಲುತ್ತದೆ.

ಸುತ್ತಲಿನ ಬಿಳಿ ‘ಎಸಳು’ಗಳು ನಿಜಕ್ಕೂ ಎಸಳುಗಳಲ್ಲ. ಪ್ರತಿಯೊಂದೂ ಒಂದು ಹೂವು. ಹೆಚ್ಚಿನ ಪ್ರಭೇದಗಳಲ್ಲಿ ಅದು ಹೆಣ್ಣು ಹೂವು. ನಡುವಿನ ಹಳದಿ ಗುಂಡಿ ಎಂದರೆ ಐದು ಹಲ್ಲುಗಳ ಸಣ್ಣ ಕೊಳವೆಗಳಂತಿರುವ ಹೂಗಳ ಗುಂಪು. ಇವುಗಳಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇವೆ. ಅವು ಹೊರಗಿನಿಂದ ಒಳಕ್ಕೆ, ಸುತ್ತು ಸುತ್ತಾಗಿ ಒಂದೊಂದು ದಿನ ಅರಳುತ್ತಾ ಹೋಗುತ್ತವೆ. ಬಿಳಿ ಸುತ್ತು ದೂರದಿಂದ ಕೀಟಗಳನ್ನು ಕರೆಯುವ ಬಾವುಟ. ಬಂದ ನೊಣಕ್ಕೋ ಜೇನಿಗೋ ಊಟ ನಡುವಿನ ಹಳದಿ ಭಾಗದಲ್ಲಿ.

ಇನ್ನು ಗುರುತಿನ ಮುಖ್ಯ ಅಂಶ. ಸೂರ್ಯಕಾಂತಿಯ ಬೀಜ ಬಿಡಿಸುವಾಗ ಬೀಜಗಳ ನಡುವೆ ತೆಳ್ಳಗಿನ ಹೊಟ್ಟು ಸಿಗುತ್ತದಲ್ಲ, ಹಾಗೆಯೇ ಆಂಥೆಮಿಸ್‌ನ ಹಳದಿ ಹೂಗಳ ನಡುವೆಯೂ ಹೊಟ್ಟಿನಂತಹ ಪೊರೆಗಳಿರುತ್ತವೆ. ಚಹಾಕ್ಕೆ ಬಳಸುವ ಅಸಲಿ ಬಾಬೂನಾದಲ್ಲಿ ಅಂಥ ಹೊಟ್ಟು ಇರುವುದಿಲ್ಲ. ಅದರ ಹೂಪೀಠ ಶಂಕುವಿನಂತೆ ಮೇಲೆದ್ದು, ಒಳಗೆ ಟೊಳ್ಳಾಗಿರುತ್ತದೆ. ಆದ್ದರಿಂದಲೇ ಸಸ್ಯಶಾಸ್ತ್ರಜ್ಞರು ಅದನ್ನು ಆಂಥೆಮಿಸ್‌ಗೆ ಸೇರಿಸದೆ ಮೆಟ್ರಿಕೇರಿಯ ಎಂಬ ಬೇರೆ ಕುಲದಲ್ಲಿಟ್ಟರು. ಅದರ ಪೂರ್ಣ ಹೆಸರು ಮೆಟ್ರಿಕೇರಿಯ ಕ್ಯಾಮೊಮಿಲ್ಲ. ಗರ್ಭಾಶಯಕ್ಕಿರುವ ಲ್ಯಾಟಿನ್ ಶಬ್ದ ‘ಮೇಟ್ರಿಕ್ಸ್’ನಿಂದ ಈ ಕುಲದ ಹೆಸರು ಬಂದಿದೆ. ಹಳೆಯ ಯುರೋಪಿನಲ್ಲಿ ಹೆಂಗಸರ ಮುಟ್ಟಿನ ನೋವಿಗೆ, ಹೆರಿಗೆಯ ನಂತರದ ಆರೈಕೆಗೆ ಇದನ್ನು ಕೊಡುತ್ತಿದ್ದರು. ಹೆಸರಿಟ್ಟ ಪಂಡಿತರೆಲ್ಲ ಗಂಡಸರೇ, ಆದರೆ ಹೆಸರಿನೊಳಗೆ ಉಳಿದಿರುವುದು ಸೂಲಗಿತ್ತಿಯರ ಅನುಭವ.

ಕ್ಯಾಮೊಮೈಲ್ ಎಂಬ ಶಬ್ದದ ಮೂಲ ಗ್ರೀಕ್ ಭಾಷೆಯಲ್ಲಿದೆ, ಅರ್ಥ ‘ನೆಲದ ಸೇಬು’. ಹೂವನ್ನು ಹಿಸುಕಿದರೆ ಸೇಬಿನ ಪರಿಮಳ ಬರುವುದರಿಂದ ಈ ಹೆಸರು. ಸ್ಪೇನ್‌ನವರೂ ಇದನ್ನು ‘ಮಂಜಾನಿಯ’, ಅಂದರೆ ಪುಟ್ಟ ಸೇಬು ಎನ್ನುತ್ತಾರೆ. ಆಂಥೆಮಿಸ್ ಎಂದರೆ ಗ್ರೀಕ್‌ನಲ್ಲಿ ಸುಮ್ಮನೆ ಹೂವು ಎಂಬ ಅರ್ಥ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಗಿಡಗಳಿಗೆ ಎರಡು ಶಬ್ದಗಳ ಹೆಸರಿಡುವ ಪದ್ಧತಿಯನ್ನು ತನ್ನ ಗ್ರಂಥದಲ್ಲಿ ಜಾರಿಗೆ ತಂದಾಗ ಈ ಎರಡೂ ಕುಲಗಳ ಹೆಸರು ಅದರಲ್ಲಿದ್ದವು.

ಎಲ್ಲಿಯ ಗಿಡ?

ಆಂಥೆಮಿಸ್ ಕುಲದಲ್ಲಿ ಸುಮಾರು ನೂರೈವತ್ತು ಪ್ರಭೇದಗಳಿವೆ. ಅವುಗಳ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳು ಮತ್ತು ಪಶ್ಚಿಮ ಏಷ್ಯ. ಸ್ಪೇನ್, ಮೊರಾಕ್ಕೊಗಳಿಂದ ಹಿಡಿದು ಗ್ರೀಸ್, ಸಿರಿಯ, ಫೆಲೆಸ್ತೀನ್, ಇರಾಕ್ ದಾಟಿ ಇರಾನ್‌ವರೆಗೆ ಇವು ಹರಡಿವೆ. ದಕ್ಷಿಣಕ್ಕೆ ಇಥಿಯೋಪಿಯದ ಎತ್ತರದ ಬೆಟ್ಟಗಳಲ್ಲೂ ಒಂದೆರಡಿವೆ. ಅತಿ ಹೆಚ್ಚು ಬಗೆ ಕಾಣಸಿಗುವ ದೇಶಗಳಲ್ಲಿ ಟರ್ಕಿ ಮುಖ್ಯವಾದುದು. ಅಲ್ಲಿ ಇಂಥ ಹೂಗಳನ್ನೆಲ್ಲ ಒಟ್ಟಾಗಿ ‘ಪಾಪಾತ್ಯ’ ಎನ್ನುತ್ತಾರೆ. ಸಮುದ್ರ ದಂಡೆಯ ಮರಳಿನಲ್ಲಿ ಒಂದು ಬಗೆ, ಗೋಧಿ ಹೊಲದಲ್ಲಿ ಇನ್ನೊಂದು, ಹಿಮ ಕರಗುವ ಬೆಟ್ಟದ ಬಂಡೆಯ ಸೀಳಿನಲ್ಲಿ ಮತ್ತೊಂದು.

ಈ ನಾಡುಗಳ ಹವಾಮಾನ ನಮ್ಮದಕ್ಕೆ ತದ್ವಿರುದ್ಧ. ನಮ್ಮಲ್ಲಿ ಬೇಸಿಗೆ ಮುಗಿದ ಕೂಡಲೇ ಮಳೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಆದ್ದರಿಂದ ಅಲ್ಲಿನ ಸಣ್ಣ ಗಿಡಗಳು ಶರತ್ಕಾಲದ ಮೊದಲ ಮಳೆಗೆ ಮೊಳೆತು, ಚಳಿಯಲ್ಲಿ ನೆಲಕ್ಕಂಟಿ ಕುಳಿತು, ವಸಂತ ಬಂದ ಕೂಡಲೇ ಆತುರದಿಂದ ಹೂ ಬಿಟ್ಟು, ಬಿಸಿಲೇರುವ ಮುನ್ನ ಬೀಜ ಉದುರಿಸಿ ಮುಗಿಸುತ್ತವೆ. ಅರೇಬಿಯದ ಮರುಭೂಮಿಯಲ್ಲಿ ಬೆಳೆಯುವ ಆಂಥೆಮಿಸ್‌ಗಳಿಗಂತೂ ಇನ್ನೂ ಅವಸರ. ಚಳಿಗಾಲದಲ್ಲಿ ಒಳ್ಳೆಯ ಮಳೆ ಬಿದ್ದ ವರ್ಷ, ಸೌದಿ, ಕುವೈತ್‌ಗಳ ಬಯಲಿನಲ್ಲಿ ಕೆಲವು ವಾರಗಳ ಮಟ್ಟಿಗೆ ಬಿಳಿ ಹಳದಿ ಹೂಗಳ ಹಾಸು ಬೀಳುತ್ತದೆ. ಮಳೆ ಕೈಕೊಟ್ಟ ವರ್ಷ ಬೀಜಗಳು ಮರಳಿನೊಳಗೆ ಸುಮ್ಮನೆ ಕಾಯುತ್ತವೆ. ಅರಬಿ ಭಾಷೆಯಲ್ಲಿ ಈ ತರದ ಹೂವಿಗೆ ‘ಉಕ್‌ಹುವಾನ್’ ಎಂಬ ಹೆಸರಿದೆ. ಹಳೆಯ ಅರಬಿ ಕವಿಗಳು ಪ್ರೇಯಸಿಯ ಹಲ್ಲುಗಳನ್ನು ವರ್ಣಿಸುವಾಗ ಈ ಹೂವನ್ನೇ ಹೋಲಿಕೆಗೆ ತರುತ್ತಿದ್ದರು. ನಮ್ಮ ಕವಿಗಳು ಹಲ್ಲಿಗೆ ಮಲ್ಲಿಗೆಯ ಮೊಗ್ಗನ್ನು ಹುಡುಕಿಕೊಂಡರು, ಮರಳುಗಾಡಿನವರು ಮಳೆ ತಂದ ಹೂವನ್ನು.

ಈ ಗಿಡಗಳ ಬೀಜಕ್ಕೆ ಹಾರಲು ರೆಕ್ಕೆಯಿಲ್ಲ. ಗಾಳಿಯಲ್ಲಿ ತೇಲಿ ಬರುವ ‘ಅಜ್ಜನ ಗಡ್ಡ’ವನ್ನು ಮಕ್ಕಳು ಹಿಡಿದು ಊದುತ್ತಾರಲ್ಲ, ಆಸ್ಟರೇಸಿ ಕುಟುಂಬದ ಬಹಳಷ್ಟು ಗಿಡಗಳ ಬೀಜಕ್ಕೂ ಅಂಥ ರೋಮದ ಛತ್ರಿಯಿದೆ. ಆಂಥೆಮಿಸ್‌ಗಿಲ್ಲ. ಹಾಗಿದ್ದೂ ಅದರ ಕೆಲವು ಪ್ರಭೇದಗಳು ಇಡೀ ಜಗತ್ತನ್ನು ಸುತ್ತಿವೆ. ಸುತ್ತಿಸಿದವರು ಮನುಷ್ಯರು. ಗೋಧಿಯ ಹೊಲದಲ್ಲಿ ಬೆಳೆದ ಕಳೆ ಗೋಧಿಯ ಜೊತೆಗೇ ಕಟಾವಾಗಿ, ಅದರ ಬೀಜ ಬಿತ್ತನೆ ಗೋಧಿಯಲ್ಲಿ ಸೇರಿ ಊರೂರಿಗೆ ಹೋಯಿತು. ಒಣಹುಲ್ಲಿನಲ್ಲಿ, ದನದ ಗೊರಸಿಗೆ ಅಂಟಿದ ಕೆಸರಿನಲ್ಲಿ, ಹಡಗಿನ ಸರಕಿನಲ್ಲಿ ಹೋಯಿತು. ಯುರೋಪಿನವರು ವಲಸೆ ಹೋದ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇಂದು ಇದು ರಸ್ತೆ ಬದಿಯ ಸಾಮಾನ್ಯ ಕಳೆ.

ಹೀಗೆ ಸುತ್ತಿದವುಗಳಲ್ಲಿ ಕುಖ್ಯಾತಿ ಪಡೆದದ್ದು ಆಂಥೆಮಿಸ್ ಕೋಟುಲ, ‘ನಾರುವ ಕ್ಯಾಮೊಮೈಲ್’. ದೂರದಿಂದ ನೋಡಿದರೆ ಅಸಲಿ ಬಾಬೂನಾ ಎಂದೇ ಹೇಳಬೇಕು. ಕಿತ್ತು ಮೂಗಿನ ಹತ್ತಿರ ಹಿಡಿದರೆ ಸೇಬಿನ ಬದಲು ಕೆಟ್ಟ ನಾತ. ಅದರಲ್ಲಿರುವ ಆಂಥೆಕೋಟುಲಿಡ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗಿದರೆ ಕೆಲವರಿಗೆ ಕೆಂಪಾಗಿ ಉರಿ, ಬೊಕ್ಕೆ ಬರುತ್ತದೆ. ಹಿಂದೆ ಯುರೋಪಿನಲ್ಲಿ ಬರಿಗೈಯಲ್ಲಿ ಕೊಯ್ಲು ಮಾಡುತ್ತಿದ್ದ ಕೂಲಿಯವರ ಕೈಗಳು ಇದರಿಂದ ಹುಣ್ಣಾಗುತ್ತಿದ್ದವು. ಹಸು ಮೇಯ್ದರೆ ಹಾಲಿಗೂ ಕೆಟ್ಟ ರುಚಿ ಬರುತ್ತದೆ. ಈ ಗಿಡ ನಮ್ಮ ದೇಶಕ್ಕೂ ಬಂದಿದೆ. ಕಾಶ್ಮೀರ ಕಣಿವೆಯಲ್ಲಿ ರಸ್ತೆ ಬದಿ, ಪಾಳು ಜಮೀನು, ತೋಟಗಳ ಅಂಚು ಎಲ್ಲ ಕಡೆ ಹಬ್ಬಿ, ಅಲ್ಲಿನ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡುವಷ್ಟು ದೊಡ್ಡ ತಲೆನೋವಾಗಿದೆ. ಶರತ್ಕಾಲದಲ್ಲಿ ಒಂದು ತಂಡ, ವಸಂತದಲ್ಲಿ ಇನ್ನೊಂದು ತಂಡವಾಗಿ ಮೊಳೆಯುವ ಅದರ ಅಭ್ಯಾಸವನ್ನು ಅವರು ಗುರುತಿಸಿದ್ದಾರೆ. ಚಳಿಗೆ ಒಂದು ತಂಡ ಸತ್ತರೂ ಇನ್ನೊಂದು ಉಳಿಯುತ್ತದೆ. ಪ್ರವಾಸಕ್ಕೆ ಹೋದವರು ‘ಎಷ್ಟು ಚಂದದ ಹೂವು’ ಎಂದು ಫೋಟೋ ತೆಗೆಯುವ ಹೂಗಳಲ್ಲಿ ಇದೂ ಇರಬಹುದು.

ಇದನ್ನು ಓದುವಾಗ ನಮ್ಮ ಕಾಂಗ್ರೆಸ್ ಗಿಡ ನೆನಪಾಗದೆ ಇರದು. 1955ರಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ನಂತರ ಕರ್ನಾಟಕದ ಬಯಲನ್ನೆಲ್ಲ ತುಂಬಿದ ಪಾರ್ಥೇನಿಯಂ ಕೂಡ ಇದೇ ಆಸ್ಟರೇಸಿ ಕುಟುಂಬದ್ದು. ಅದರಿಂದ ಚರ್ಮದ ಅಲರ್ಜಿ ಬಂದವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಆ ಅಲರ್ಜಿ ತರುವ ರಾಸಾಯನಿಕಗಳ ಗುಂಪು ಮತ್ತು ಬಾಬೂನಾ ಬಳಗದಲ್ಲಿರುವ ಗುಂಪು ಒಂದೇ. ಕಾಂಗ್ರೆಸ್ ಗಿಡ ತಾಗಿದರೆ ಮೈ ತುರಿಸುವವರು, ಸೇವಂತಿಗೆ ಕಟ್ಟುವಾಗ ಕೈ ಕೆಂಪಾಗುವವರು ಬಾಬೂನಾ ಚಹಾವನ್ನಾಗಲೀ ಎಣ್ಣೆಯನ್ನಾಗಲೀ ಸುಮ್ಮನೆ ಪರೀಕ್ಷೆ ಮಾಡಿ ನೋಡಲು ಹೋಗಬಾರದು.

ಕುಲದಿಂದ ಹೊರ ಹೋದ ಇಬ್ಬರು ನೆಂಟರ ಬಗ್ಗೆಯೂ ಒಂದು ಮಾತು. ‘ರೋಮನ್ ಕ್ಯಾಮೊಮೈಲ್’ ಎಂಬ ಪಶ್ಚಿಮ ಯುರೋಪಿನ ಬಹುವಾರ್ಷಿಕ ಗಿಡ ಮೊದಲು ಆಂಥೆಮಿಸ್ ನೊಬಿಲಿಸ್ ಎಂದಿತ್ತು. ಈಗ ಅದು ಕೆಮಿಮೀಲಂ ಎಂಬ ಬೇರೆ ಕುಲಕ್ಕೆ ಸೇರಿದೆ. ನೆಲಕ್ಕಂಟಿ ಹಬ್ಬುವ ಇದನ್ನು ಇಂಗ್ಲೆಂಡಿನಲ್ಲಿ ಹುಲ್ಲುಹಾಸಿನ ಬದಲು ನೆಡುವುದುಂಟು, ತುಳಿದಷ್ಟೂ ಪರಿಮಳ. ಇನ್ನೊಂದು, ಎಸಳು ಸಹಿತ ಪೂರ್ತಿ ಹಳದಿಯಾದ ಬಣ್ಣದ ಕ್ಯಾಮೊಮೈಲ್. ಆಂಥೆಮಿಸ್ ಟಿಂಕ್ಟೋರಿಯ ಎಂದಿದ್ದದ್ದು ಈಗ ಕೋಟ ಟಿಂಕ್ಟೋರಿಯ. ಅನಾತೋಲಿಯದ ಹಳ್ಳಿಗಳಲ್ಲಿ ಹೆಂಗಸರು ಇಂಥ ಹೂಗಳನ್ನು ಪಟಿಕದ ಜೊತೆ ಕುದಿಸಿ ಉಣ್ಣೆಗೆ ಹಳದಿ ಬಣ್ಣ ಕೊಟ್ಟು ಗಾಲೀಚೆ ನೇಯುತ್ತಿದ್ದರು. ರಾಸಾಯನಿಕ ಬಣ್ಣಗಳು ಬಂದು ಆ ವಿದ್ಯೆ ಮರೆಯುತ್ತಿದ್ದಾಗ, 1981ರಲ್ಲಿ ಪಶ್ಚಿಮ ಟರ್ಕಿಯಲ್ಲಿ ಆರಂಭವಾದ ದೋಬಾಗ್ ಎಂಬ ಯೋಜನೆ ಗಿಡಮೂಲದ ಬಣ್ಣಗಳನ್ನು ಮತ್ತೆ ಬಳಕೆಗೆ ತಂದಿತು. ಹೆಸರು ಬದಲಾಯಿಸುವ ಪಂಡಿತರ ಜಗಳಕ್ಕಿಂತ ಈ ಕಥೆ ನನಗೆ ಹೆಚ್ಚು ಇಷ್ಟ.

ಬಾಗ್ದಾದಿನಿಂದ ಲಕ್ನೋಗೆ

ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಒಂದನೇ ಶತಮಾನದಲ್ಲಿ ಔಷಧಿ ಸಸ್ಯಗಳ ಗ್ರಂಥ ಬರೆದಾಗ ಆಂಥೆಮಿಸ್ ಎಂಬ ಹೆಸರಿನ ಕೆಳಗೆ ಇಂಥ ಹೂಗಳನ್ನು ವರ್ಣಿಸಿದ್ದ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಇಸ್ತಿಫಾನ್ ಬಿನ್ ಬಸೀಲ್ ಆ ಗ್ರಂಥವನ್ನು ಅರಬಿಗೆ ತಂದರು, ಹುನೈನ್ ಬಿನ್ ಇಸ್‌ಹಾಕ್ ಅದನ್ನು ತಿದ್ದಿದರು. ಆ ಕಾಲದ ಅನುವಾದಕರ ಕಷ್ಟ ಊಹಿಸಿ: ಗ್ರೀಕ್ ಹೆಸರಿಗೆ ಸರಿಯಾದ ಅರಬಿ ಗಿಡ ಯಾವುದು ಎಂದು ಹುಡುಕಬೇಕು, ಸಿಗದಿದ್ದರೆ ಗ್ರೀಕ್ ಶಬ್ದವನ್ನೇ ಅರಬಿ ಲಿಪಿಯಲ್ಲಿ ಬರೆದಿಡಬೇಕು. ಈ ಹೂವಿಗೆ ಪಾರ್ಸಿಯಲ್ಲಿ ಬಾಬೂನಃ ಎಂಬ ಹೆಸರಿತ್ತು. ಅದೇ ಅರಬಿಯಲ್ಲಿ ಬಾಬೂನಜ್ ಆಯಿತು, ಉರ್ದುವಿನಲ್ಲಿ ಬಾಬೂನಾ ಆಗಿ ನಮ್ಮವರೆಗೂ ಬಂತು.

ಇಬ್ನು ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಬಿಡಿ ಔಷಧಿಗಳಿಗೇ ಒಂದು ಇಡೀ ಭಾಗವನ್ನು ಮೀಸಲಿಟ್ಟರು. ಬಾಬೂನಜ್ ಅದರಲ್ಲಿದೆ. ಸ್ಪೇನ್‌ನ ಮಾಲಗದಲ್ಲಿ ಹುಟ್ಟಿ, ಉತ್ತರ ಆಫ್ರಿಕ, ಸಿರಿಯಗಳಲ್ಲೆಲ್ಲ ಗಿಡಗಳನ್ನು ಕಣ್ಣಾರೆ ನೋಡುತ್ತಾ ಅಲೆದು, 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನುಲ್ ಬೈತಾರ್ ಸುಮಾರು 1400 ಔಷಧಿ ಹಾಗೂ ಆಹಾರ ಪದಾರ್ಥಗಳ ಕೋಶವನ್ನೇ ರಚಿಸಿದರು. ಒಂದೇ ಗಿಡಕ್ಕೆ ಊರೂರಲ್ಲಿ ಇರುವ ಬೇರೆ ಬೇರೆ ಹೆಸರು, ಒಂದೇ ಹೆಸರಿನಲ್ಲಿ ಅಡಗಿದ ಬೇರೆ ಬೇರೆ ಗಿಡ, ಇವೇ ಅವರನ್ನು ಬಹಳವಾಗಿ ಕಾಡಿದ ಸಮಸ್ಯೆ. ಎಂಟು ಶತಮಾನಗಳ ಹಿಂದೆ ಅವರು ಪಟ್ಟ ಪಾಡು ನಮ್ಮ ಅಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ.

ಯೂನಾನಿಯಲ್ಲಿ ಬಾಬೂನಾ ಮುಖ್ಯವಾಗಿ ಊತ ಕರಗಿಸುವ ಔಷಧಿ. ಹೂವನ್ನು ಎಳ್ಳೆಣ್ಣೆಯಲ್ಲಿ ಪಾಕ ಮಾಡಿದ ‘ರೋಗನೆ ಬಾಬೂನಾ’ವನ್ನು ಕೀಲುನೋವಿಗೆ ಹಚ್ಚುತ್ತಾರೆ. ಬೆಂಗಳೂರಿನಲ್ಲಿ 2004ರಿಂದ ಕೆಲಸ ಮಾಡುತ್ತಿರುವ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆಯಂಥ ಕಡೆ ಇಂಥ ಔಷಧಿಗಳ ಅಧ್ಯಯನ ನಡೆಯುತ್ತದೆ. ಕುತೂಹಲ ಇರುವವರು ಅಂಗಡಿಯವರ ಮಾತಿಗಿಂತ ಅಂಥಲ್ಲಿ ಕಲಿತ ವೈದ್ಯರ ಮಾತು ಕೇಳುವುದು ಲೇಸು.

ಉತ್ತರ ಭಾರತಕ್ಕೆ ಈ ಗಿಡ ಮೊಗಲರ ಕಾಲದಲ್ಲಿ ಬಂದಿತೆಂದು ಹೇಳುತ್ತಾರೆ. ಇಂದು ಉತ್ತರ ಪ್ರದೇಶದಲ್ಲಿ ಇದರ ವ್ಯವಸಾಯವಿದೆ. ಲಕ್ನೋದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ ‘ವಲ್ಲರಿ’ಯಂತಹ ತಳಿಗಳನ್ನು ಬೆಳೆಸಿ ರೈತರಿಗೆ ಕೊಟ್ಟಿದೆ. ಬೇರೆ ಬೆಳೆ ಬಾರದ ಚೌಳು ಮಣ್ಣಿನಲ್ಲೂ ಇದು ಬೆಳೆಯುತ್ತದೆ ಎಂಬುದು ಇದರ ದೊಡ್ಡ ಗುಣ. ಅಕ್ಟೋಬರ್ ಹೊತ್ತಿಗೆ ಸಸಿ ಮಡಿ, ನಂತರ ನಾಟಿ, ಫೆಬ್ರವರಿಯಿಂದ ಹೂ ಕೊಯ್ಲು. ಈಜಿಪ್ಟಿನ ಫಯ್ಯೂಮ್ ಪ್ರಾಂತ್ಯ ಜಗತ್ತಿಗೆ ಬಾಬೂನಾ ಕೊಡುವ ದೊಡ್ಡ ಕಣಜಗಳಲ್ಲಿ ಒಂದು. ಅಲ್ಲೂ ಹೂಗಳನ್ನು ಕೈಯಿಂದ ಬಿಡಿಸುವವರಲ್ಲಿ ಹೆಂಗಸರೂ ಹುಡುಗಿಯರೂ ಬಹಳ. ಒಂದೇ ಗಿಡದಿಂದ ಒಂದು ಋತುವಿನಲ್ಲಿ ಹಲವು ಸಲ ಬಿಡಿಸಬೇಕು. ಐದು ಕಿಲೋ ಹಸಿ ಹೂ ಒಣಗಿದರೆ ಸುಮಾರು ಒಂದು ಕಿಲೋ ಆಗುತ್ತದೆ. ನಮ್ಮ ಕೈಯಲ್ಲಿರುವ ಚಹಾದ ಚೀಲದ ಹಿಂದೆ ಅವರ ಬಗ್ಗಿದ ಬೆನ್ನಿದೆ.

ಈ ಹೂವಿನ ಎಣ್ಣೆಯ ಬಣ್ಣದ ಸಂಗತಿಯೂ ವಿಚಿತ್ರವಾಗಿದೆ. ಬಿಳಿ ಹಳದಿ ಹೂವನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಬರುವ ಎಣ್ಣೆ ಗಾಢ ನೀಲಿ, ನೀಲಿ ಶಾಯಿಯ ಹಾಗೆ. ಹೂವಿನಲ್ಲಿ ನೀಲಿ ಎಲ್ಲೂ ಇಲ್ಲ. ಮೆಟ್ರಿಸಿನ್ ಎಂಬ ಬಣ್ಣವಿಲ್ಲದ ವಸ್ತು ಬಿಸಿ ಹಬೆಗೆ ಬದಲಾಗಿ ಕೆಮೆಜುಲೀನ್ ಎಂಬ ನೀಲಿ ವಸ್ತುವಾಗುತ್ತದೆ. ಬೆಳಕು, ಗಾಳಿ ತಾಗಿ ಹಳೆಯದಾದರೆ ಅದೇ ನೀಲಿ ಹಸಿರಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಎಳ್ಳೆಣ್ಣೆಯಲ್ಲಿ ಮಾಡಿದ ರೋಗನೆ ಬಾಬೂನಾ ನೀಲಿ ಇರುವುದಿಲ್ಲ, ಅದು ಎಳ್ಳೆಣ್ಣೆಯ ಬಣ್ಣದ್ದೇ. ಎರಡೂ ಬೇರೆ ಬೇರೆ ವಸ್ತು. ನೂರು ಕಿಲೋ ಒಣ ಹೂವಿನಿಂದ ಒಂದು ಕಿಲೋ ಎಣ್ಣೆ ಸಿಗುವುದೂ ಕಷ್ಟ. ಹಾಗಿರುವಾಗ ‘ಶುದ್ಧ ಬಾಬೂನಾ ತೈಲ’ ಎಂದು ದೊಡ್ಡ ಬಾಟಲಿಯನ್ನು ಚಿಲ್ಲರೆ ಬೆಲೆಗೆ ಮಾರುವವರ ಮುಂದೆ ಒಂದು ಕ್ಷಣ ನಿಂತು ಯೋಚಿಸಬೇಕು.

ಅಸಲಿಯನ್ನು ಗುರುತಿಸುವುದು

ಬಿಡಿಯಾಗಿ ತಂದ ಒಣ ಹೂವನ್ನು ಮನೆಯಲ್ಲೇ ಪರೀಕ್ಷಿಸಬಹುದು. ನಾಲ್ಕೈದು ಹೂಗಳನ್ನು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ಮೆತ್ತಗಾದ ಮೇಲೆ ಹೂತಲೆಯನ್ನು ಹೊಸ ಬ್ಲೇಡಿನಿಂದ ಮೇಲಿಂದ ಕೆಳಕ್ಕೆ ನೇರವಾಗಿ ಸೀಳಿ. ಒಳಗಿನ ಪೀಠ ಶಂಕುವಿನಂತಿದ್ದು ಟೊಳ್ಳಾಗಿದ್ದರೆ, ಹಳದಿ ಹೂಗಳ ನಡುವೆ ಹೊಟ್ಟು ಇಲ್ಲದಿದ್ದರೆ ಅದು ಮೆಟ್ರಿಕೇರಿಯ. ಪೀಠ ಗಟ್ಟಿಯಾಗಿದ್ದು ಹೊಟ್ಟು ಸಿಕ್ಕರೆ ಆಂಥೆಮಿಸ್ ಅಥವಾ ರೋಮನ್ ಬಗೆ. ಪೀಠ ಗಟ್ಟಿ, ಹೊಟ್ಟೂ ಇಲ್ಲ, ಪರಿಮಳವೂ ಇಲ್ಲವೆಂದರೆ ಅದು ‘ವಾಸನೆಯಿಲ್ಲದ ಕ್ಯಾಮೊಮೈಲ್’ ಎನ್ನುವ ಟ್ರಿಪ್ಲೂರೋಸ್ಪರ್ಮಂ ಎಂಬ ಉದ್ದ ಹೆಸರಿನ ಕಳೆ ಇರಬಹುದು. ಎಸಳಿನ ಸುತ್ತೇ ಇಲ್ಲದೆ ಹಳದಿ ಗುಂಡಿಗಳು ಮಾತ್ರ ಇದ್ದರೆ ಗಾಬರಿ ಬೇಡ. ಸೌದಿ, ಜೋರ್ಡಾನ್‌ಗಳಲ್ಲಿ ಮೆಟ್ರಿಕೇರಿಯ ಆರಿಯ ಎಂಬ ಚಿಕ್ಕ ಬಗೆಯೊಂದು ಹಾಗೆಯೇ ಇರುತ್ತದೆ, ಅಲ್ಲಿನವರು ಅದನ್ನೂ ಬಾಬೂನಜ್ ಎಂದೇ ಬಳಸುತ್ತಾರೆ.

ಈ ಪರೀಕ್ಷೆ ಪೂರ್ತಿ ಹೂವಿಗೆ ಮಾತ್ರ ನಡೆಯುತ್ತದೆ. ಪುಡಿ ಮಾಡಿ ಚೀಲದಲ್ಲಿ ತುಂಬಿದ್ದಕ್ಕೆ ನಂಬಿಕೆಯೇ ಆಧಾರ. 2013ರಲ್ಲಿ ಜರ್ಮನಿಯ ಸರಕಾರಿ ಸಂಸ್ಥೆಯೊಂದು ಗಿಡಮೂಲಿಕೆ ಚಹಾಗಳನ್ನು ಪರೀಕ್ಷಿಸಿದಾಗ ಕ್ಯಾಮೊಮೈಲ್ ಸೇರಿದಂತೆ ಹಲವು ಚಹಾಗಳಲ್ಲಿ ಯಕೃತ್ತಿಗೆ ಹಾನಿ ಮಾಡುವ ಕಳೆಗಿಡಗಳ ವಿಷಾಂಶ ಕಂಡುಬಂತು. ಯಾರೂ ಬೇಕೆಂದು ಬೆರೆಸಿದ್ದಲ್ಲ, ಹೊಲದಲ್ಲಿ ಜೊತೆಗೆ ಬೆಳೆದ ಕಳೆ ಕೊಯ್ಲಿನಲ್ಲಿ ಸೇರಿ ಬಂದದ್ದು. ಅಲ್ಲಿಂದೀಚೆಗೆ ಯುರೋಪಿನಲ್ಲಿ ಇದರ ಮೇಲೆ ಕಣ್ಣಿಡಲಾಗಿದೆ.

ಇನ್ನು ಗುಣದ ವಿಷಯ. ಬಾಬೂನಾ ಚಹಾ ಮನಸ್ಸಿಗೆ ಹಿತ ಎನ್ನುವುದರಲ್ಲಿ ಸ್ವಲ್ಪ ಹುರುಳಿದೆ. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಆತಂಕದ ತೊಂದರೆಯಿದ್ದ 57 ಜನರ ಮೇಲೆ ಎಂಟು ವಾರ ಪ್ರಯೋಗ ಮಾಡಿದಾಗ, ಬಾಬೂನಾದ ಸಾರ ಸೇವಿಸಿದವರಲ್ಲಿ ಮಿತವಾದ ಪ್ರಯೋಜನ ಕಂಡರು. ಮಿತವಾದ ಎಂಬ ಶಬ್ದವನ್ನು ಗಮನಿಸಿ. ಅವರು ಬಳಸಿದ್ದು ಅಳತೆ ಮಾಡಿದ ಸಾರದ ಕ್ಯಾಪ್ಸೂಲ್, ನಮ್ಮ ಕಪ್ಪಿನ ಚಹಾವಲ್ಲ.

ಅಪಾಯದ ಕಡೆಯೂ ಇದೆ. 2006ರಲ್ಲಿ ಕೆನಡದ ವೈದ್ಯರು ಒಬ್ಬ ವೃದ್ಧೆಯ ಪ್ರಕರಣವನ್ನು ವರದಿ ಮಾಡಿದರು. ಹೃದಯದ ತೊಂದರೆಗಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಆಕೆ, ಶೀತಕ್ಕೆಂದು ದಿನಕ್ಕೆ ಹಲವು ಸಲ ಕ್ಯಾಮೊಮೈಲ್ ಚಹಾ ಕುಡಿದು, ಅದರದೇ ಲೇಪವನ್ನೂ ಹಚ್ಚಿಕೊಂಡಿದ್ದರು. ದೇಹದೊಳಗೆ ರಕ್ತಸ್ರಾವವಾಗಿ ಆಸ್ಪತ್ರೆಗೆ ಬಂದರು. ನಮ್ಮ ಮನೆಗಳ ಹಿರಿಯರಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಎಷ್ಟು ಮಂದಿ! ‘ಗಿಡಮೂಲಿಕೆ ತಾನೇ, ಏನಾಗುತ್ತದೆ’ ಎಂದು ಉಮ್ಮನಿಗೋ ಅತ್ತೆಗೋ ದಿನಾ ಚಹಾ ಮಾಡಿಕೊಡುವ ಮೊದಲು ಅವರ ಮಾತ್ರೆಯ ಚೀಟಿ ಹಿಡಿದು ವೈದ್ಯರನ್ನು ಒಮ್ಮೆ ಕೇಳಬೇಕು. ಗರ್ಭಿಣಿಯರೂ ಕೇಳದೆ ಕುಡಿಯಬಾರದು. ಹಿಂದಿನವರು ಇದನ್ನು ಮುಟ್ಟು ಬರಿಸಲು ಕೊಡುತ್ತಿದ್ದರು ಎಂಬುದೊಂದೇ ಸಾಕು ಕಾರಣಕ್ಕೆ.

ಹಸುಗೂಸುಗಳ ವಿಷಯ ಇನ್ನೂ ಗಂಭೀರ. ಅರಬ್ ನಾಡುಗಳಲ್ಲೂ ದಕ್ಷಿಣ ಅಮೆರಿಕದಲ್ಲೂ ಹೊಟ್ಟೆ ಉಬ್ಬರಿಸಿ ಅಳುವ ಮಗುವಿಗೆ ಈ ಚಹಾ ಕೊಡುವ ರೂಢಿ ಬಹಳ ಹಳೆಯದು. 2008ರಲ್ಲಿ ಅರ್ಜೆಂಟೀನದ ಸಂಶೋಧಕರು ಮಾರುಕಟ್ಟೆಯ ಕ್ಯಾಮೊಮೈಲ್ ಮಾದರಿಗಳನ್ನು ತಂದು ಪರೀಕ್ಷಿಸಿದಾಗ ಕೆಲವುಗಳಲ್ಲಿ ಬೊಟ್ಯುಲಿಸಂ ರೋಗಾಣುವಿನ ಬೀಜಕಗಳು ಸಿಕ್ಕವು. ತೆರೆದಿಟ್ಟು ತೂಗಿ ಮಾರುವ ಹೂಗಳಲ್ಲಿ ಅವು ಹೆಚ್ಚಾಗಿದ್ದವು. ಮಣ್ಣಿನಿಂದ ಬರುವ ಈ ಬೀಜಕಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದು ತೀರಾ ಅಪರೂಪ. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು, ನರಗಳನ್ನು ದುರ್ಬಲಗೊಳಿಸುವ ವಿಷ ಉಂಟುಮಾಡಬಲ್ಲವು. ಮಗು ಮಂಕಾಗುತ್ತದೆ, ಮಲ ಕಟ್ಟುತ್ತದೆ, ಹಾಲು ಚೀಪುವ ಶಕ್ತಿ ಕಡಿಮೆಯಾಗುತ್ತದೆ, ಕತ್ತು ನಿಲ್ಲುವುದಿಲ್ಲ. ವರ್ಷ ತುಂಬದ ಮಗುವಿಗೆ ಜೇನು ಕೊಡಬೇಡಿ ಎಂದು ಮಕ್ಕಳ ವೈದ್ಯರು ಹೇಳುವುದೂ ಇದೇ ಕಾರಣಕ್ಕೆ. ಮೊದಲ ಆರು ತಿಂಗಳು ತಾಯಿಯ ಹಾಲಿನ ಹೊರತು ಮಗುವಿಗೆ ನೀರೂ ಬೇಡ ಎನ್ನುವಾಗ, ದೂರದ ಊರಿನಿಂದ ಬಂದ ಹೂವಿನ ಕಷಾಯ ಯಾತಕ್ಕೆ? ಡಬ್ಬಿ ಎಷ್ಟೇ ಚಂದವಿರಲಿ, ಕಳಿಸಿದವರು ಎಷ್ಟೇ ಪ್ರೀತಿಯವರಿರಲಿ.

ಬೆಳೆಸಿ ನೋಡುವ ಆಸೆಯಿರುವವರಿಗೆ ಎರಡು ಮಾತು. ಕರಾವಳಿಯ ಸೆಕೆ ಮತ್ತು ಮಳೆ ಇದಕ್ಕೆ ಒಗ್ಗುವುದಿಲ್ಲ. ಬೆಂಗಳೂರು, ಮೈಸೂರು, ಬಯಲು ಸೀಮೆಯ ಕಡೆ ಮಳೆ ನಿಂತ ಮೇಲೆ ಕುಂಡದಲ್ಲಿ ಪ್ರಯತ್ನಿಸಬಹುದು. ಬೀಜ ರಾಗಿಗಿಂತಲೂ ಬಹಳ ಸಣ್ಣದು, ಒಂದು ಗ್ರಾಂನಲ್ಲಿ ಸಾವಿರಾರು ಇರುತ್ತವೆ. ಒಣ ಮರಳಿನಲ್ಲಿ ಬೆರೆಸಿ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಮಣ್ಣು ಮುಚ್ಚಬಾರದು, ಮೊಳೆಯಲು ಇದಕ್ಕೆ ಬೆಳಕು ಬೇಕು. ನೀರನ್ನು ಸುರಿಯದೆ ಚಿಮುಕಿಸಿ. ಬೆಳಗಿನ ಬಿಸಿಲು ಬೀಳುವ ಕಡೆ ಕುಂಡವಿಡಿ. ಎರಡು ಎರಡೂವರೆ ತಿಂಗಳಲ್ಲಿ ಹೂ ಕಾಣುತ್ತದೆ. ಬಿಳಿ ಎಸಳುಗಳು ನೇರವಾಗಿ ಚಾಚಿಕೊಂಡಿರುವಾಗ ಹೂ ಬಿಡಿಸಿ ನೆರಳಿನಲ್ಲಿ ಒಣಗಿಸಬೇಕು. ಹೂವು ಮುದಿಯಾದಂತೆ ಎಸಳುಗಳು ಕೆಳಕ್ಕೆ ಜೋತು ಬೀಳುತ್ತವೆ, ನಡುವಿನ ಹಳದಿ ಗುಂಡಿ ಮೇಲಕ್ಕೆ ಉಬ್ಬುತ್ತದೆ. ಆಗ ಅದನ್ನು ಬೀಜಕ್ಕೆಂದು ಗಿಡದಲ್ಲೇ ಬಿಡಿ.